ಸೋರಿದ ಅನಿಲ, ಕುರುಡಾದ ಕಣ್ಣು, ನಿಲ್ಲದ ಓಟ

ಕೆಳಗೆ ಪೆಸಿಫಿಕ್ ಸಾಗರ ಮುಗಿಯಿತು. ದಕ್ಷಿಣ ಅಮೆರಿಕದ ದಂಡೆ ಬಂತು. ಇನ್ನು ಕೆಲವೇ ನಿಮಿಷಕ್ಕೆ ಬ್ರೆಜಿಲ್ ಮೇಲಿನ ಆ ಕೆಟ್ಟ ಜಾಗ. ಭೂಮಿಯ ಕಾಂತಕ್ಷೇತ್ರ ಅಲ್ಲಿ ದುರ್ಬಲ. ಅದರೊಳಗೆ ಸಿಕ್ಕಿಬಿದ್ದ ಪ್ರೋಟಾನುಗಳ ಹಿಂಡು ಬೇರೆಲ್ಲೂ ಇಳಿಯದಷ್ಟು ಕೆಳಕ್ಕೆ ಅಲ್ಲಿ ಇಳಿದು ಬರುತ್ತದೆ. ಭಾರಿ ವೋಲ್ಟೇಜಿನಲ್ಲಿ ನಡೆಯುವ ಶೋಧಕಗಳು ಆ ಮಳೆಗೆ ಸಿಕ್ಕರೆ ಕೆಟ್ಟುಹೋಗುತ್ತವೆ. ಉಪಗ್ರಹದ ಮೈಮೇಲೆ ಕೂತ ಕಾವಲು ಉಪಕರಣವೊಂದು ಕಣಗಳನ್ನು ಎಣಿಸುತ್ತಲೇ ಇದೆ. ಎಣಿಕೆ ಏರಿತು. ಇನ್ನೂ ಏರಿತು. ಮಿತಿ ದಾಟಿತು! ವೋಲ್ಟೇಜ್ ಇಳಿಯಿತು, ಕಣ್ಣುಗಳು ಮುಚ್ಚಿದವು. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ, ಎಕ್ಸ್-ರೇಯಲ್ಲಿ ಆಕಾಶ ನೋಡುವ ನಮ್ಮ ದೇಶದ ಉಪಗ್ರಹ ಆಸ್ಟ್ರೋಸ್ಯಾಟ್ ಕುರುಡಾಗಿ ಆ ಬಿರುಮಳೆಯ ಅಂಚನ್ನು ಹಾಯುತ್ತಿದೆ. ಆಚೆಗೆ ಆಫ್ರಿಕಾ. ಎಣಿಕೆ ಇಳಿಯಿತು. ವೋಲ್ಟೇಜ್ ಏರಿತು. ಬದುಕಿದೆ. ಮತ್ತೆ ನೋಡತೊಡಗಿದೆ.

ಇದು ಒಂದು ದಿನದ ಕಥೆಯಲ್ಲ. 98 ನಿಮಿಷಕ್ಕೊಂದು ಸುತ್ತು, ದಿನಕ್ಕೆ ಹದಿನಾಲ್ಕಕ್ಕೂ ಹೆಚ್ಚು ಸುತ್ತು, ಅವುಗಳಲ್ಲಿ ಹಲವು ಸುತ್ತುಗಳಲ್ಲಿ ಇದೇ ಗಂಡಾಂತರ. 2015ರ ಸೆಪ್ಟೆಂಬರ್ 28ರಿಂದ ಹೀಗೆ ಐವತ್ತು ಸಾವಿರಕ್ಕೂ ಹೆಚ್ಚು ಪ್ರದಕ್ಷಿಣೆ. ಅದನ್ನು ಕಟ್ಟಿದವರು ಅದಕ್ಕೆ ಕೊಟ್ಟಿದ್ದ ಆಯುಷ್ಯ ಐದು ವರ್ಷ. 2025ಕ್ಕೆ ಹತ್ತು ತುಂಬಿತು.

ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ ರಾತ್ರಿ ನಿಂತು ದಕ್ಷಿಣಕ್ಕೆ ಮುಖ ಮಾಡಿ. ಈ ಉಪಗ್ರಹದ ದಾರಿ ಸಮಭಾಜಕ ವೃತ್ತಕ್ಕೆ ಕೇವಲ ಆರು ಡಿಗ್ರಿ ಓರೆ. ಹಾಗಾಗಿ ಅದು ನಮ್ಮ ನೆತ್ತಿಯ ಮೇಲೆ ಎಂದೂ ಬರುವುದಿಲ್ಲ. ದಕ್ಷಿಣದ ದಿಗಂತದಿಂದ ಒಂದಿಷ್ಟೇ ಮೇಲೆ, ಪಡುವಣದಿಂದ ಮೂಡಣಕ್ಕೆ, ಕೆಲವು ನಿಮಿಷ ಹಾದುಹೋಗುತ್ತದೆ. ಬರಿಗಣ್ಣಿಗೆ ಅದು ಕಾಣಲಿಕ್ಕಿಲ್ಲ. ಆದರೆ ಆ ಹೊತ್ತಿಗೆ ಅದು ಅಲ್ಲಿರುತ್ತದೆ, ಕೆಲಸದಲ್ಲಿರುತ್ತದೆ. ಹಾನಗಲ್ ಕುಮಾರಸ್ವಾಮಿಗಳು 1909ರಲ್ಲಿ ಇಲ್ಲಿ ಮಂದಿರ ಕಟ್ಟಿ ವಟುಗಳಿಗೆ ವಿದ್ಯೆ ಹೇಳಲು ಆರಂಭಿಸಿದಾಗ ಆಕಾಶದಿಂದ ಎಕ್ಸ್-ರೇ ಬರುತ್ತದೆ ಎಂಬುದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೌರಮಂಡಲದ ಆಚೆಗಿನ ಮೊದಲ ಎಕ್ಸ್-ರೇ ಮೂಲ ಸಿಕ್ಕಿದ್ದು 1962ರಲ್ಲಿ, ರಾಕೆಟ್ ಒಂದರ ಕೆಲವೇ ನಿಮಿಷಗಳ ನೆಗೆತದಲ್ಲಿ.

ಅಷ್ಟು ತಡವಾಗಿದ್ದಕ್ಕೆ ನಾವು ಉಸಿರಾಡುವ ಗಾಳಿಯೇ ಕಾರಣ. ನಮ್ಮ ವಾತಾವರಣ ಎಕ್ಸ್-ರೇಗಳನ್ನು ನೆಲಕ್ಕೆ ಬಿಡುವುದಿಲ್ಲ. ಬಿಟ್ಟಿದ್ದರೆ ನಾವಿರುತ್ತಿರಲಿಲ್ಲ. ನೋಡಬೇಕೆಂದರೆ ಗಾಳಿ ದಾಟಿ ಮೇಲೆ ಹೋಗಲೇಬೇಕು. ಮೇಲೆ ಹೋದರೂ ಕಷ್ಟ ಮುಗಿಯದು. ಮಾಮೂಲಿ ಕನ್ನಡಿಗೆ ನೇರ ಬಿದ್ದ ಎಕ್ಸ್-ರೇ ಅದರೊಳಗೇ ಹೊಕ್ಕು ಇಲ್ಲವಾಗುತ್ತದೆ. ಮಲಪ್ರಭೆಯ ನೀರಿಗೆ ಮೇಲಿಂದ ಕಲ್ಲು ಹಾಕಿದರೆ ಮುಳುಗುತ್ತದೆ. ಅದೇ ಚಪ್ಪಟೆ ಕಲ್ಲನ್ನು ಅಡ್ಡಲಾಗಿ ಬೀಸಿದರೆ ಪುಟಿಯುತ್ತ ಹೋಗುತ್ತದೆ. ಎಕ್ಸ್-ರೇಯನ್ನು ಪುಟಿಸುವ ಉಪಾಯವೂ ಅದೇ. ಆಸ್ಟ್ರೋಸ್ಯಾಟ್‌ನ ಮೃದು ಎಕ್ಸ್-ರೇ ದೂರದರ್ಶಕದಲ್ಲಿ ಚಿನ್ನ ಲೇಪಿಸಿದ ತೆಳು ಹಾಳೆಯಂಥ ಮುನ್ನೂರಕ್ಕೂ ಹೆಚ್ಚು ಕನ್ನಡಿಗಳು ಒಂದರೊಳಗೊಂದು ಕೂತಿವೆ. ಕಿರಣ ಅವುಗಳ ಮೈ ಸವರಿಕೊಂಡು ಹಾದು ಎರಡು ಮೀಟರ್ ಆಚೆಗಿನ ಕ್ಯಾಮೆರಾಕ್ಕೆ ಬೀಳುತ್ತದೆ. ಕ್ಯಾಮೆರಾದ ಚಿಪ್ ಸೊನ್ನೆಗಿಂತ 80 ಡಿಗ್ರಿಗೂ ಕೆಳಗಿನ ಚಳಿಯಲ್ಲಿ ಕಾದಿರುತ್ತದೆ.

ಈ ಸಾಹಸದ ಬೇರು ಇರುವುದು ನಮ್ಮ ಪೀಣ್ಯದಲ್ಲಿ. 1972. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅಲ್ಲಿಗೆ ಬಂದರು. ಅವರ ಜೊತೆಗೆ ಬಂದ ಹುಡುಗರಲ್ಲಿ ಬಹುತೇಕರು ಉಪಗ್ರಹವನ್ನು ಕಂಡವರೇ ಅಲ್ಲ. ಮೂರು ವರ್ಷದೊಳಗೆ 360 ಕಿಲೋ ತೂಕದ, 26 ಮುಖಗಳ ಒಂದು ಉಪಗ್ರಹ ಎದ್ದು ನಿಂತಿತು. ಅದೇ ಆರ್ಯಭಟ. ಬೆಂಗಳೂರಿನಲ್ಲಿ ಅದರ ಸಂಕೇತ ಹಿಡಿಯಲು ಕೋಣೆ ಸಾಲದೆ ಶೌಚಾಲಯವೊಂದನ್ನೇ ಮಾಹಿತಿ ಕೇಂದ್ರ ಮಾಡಿಕೊಂಡಿದ್ದರು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಅದು ಹಾರಿತು. ಭಾರತದ ಮೊದಲ ಉಪಗ್ರಹ ಎಂದು ಎಲ್ಲರಿಗೂ ಗೊತ್ತು. ಅದರ ಹೊಟ್ಟೆಯಲ್ಲಿದ್ದ ಮೂರು ಪ್ರಯೋಗಗಳಲ್ಲಿ ಒಂದು ಎಕ್ಸ್-ರೇ ಖಗೋಳದ್ದು ಎಂಬುದನ್ನು ನೆನೆಯುವವರು ಕಡಿಮೆ.

ಮೊದಲ ಸುತ್ತುಗಳು ಸರಿಯಾಗಿಯೇ ನಡೆದವು. ಹಂಸ ನಕ್ಷತ್ರಪುಂಜದಲ್ಲಿರುವ ಸಿಗ್ನಸ್ ಎಕ್ಸ್-1ರ ಕಿರಣಗಳು ಶೋಧಕಕ್ಕೆ ಬಿದ್ದವು. ಆಗ ಜಗತ್ತೆಲ್ಲ ಕಪ್ಪುಕುಳಿ ಇದ್ದರೆ ಇದೇ ಇರಬೇಕು ಎನ್ನುತ್ತಿದ್ದ ಕಾಯ ಅದು. ನಾಲ್ಕೈದು ದಿನ ಕಳೆಯುವುದರೊಳಗೆ ಪ್ರಯೋಗಗಳಿಗೆ ಹೋಗುತ್ತಿದ್ದ ವಿದ್ಯುತ್ತು ಕೈಕೊಟ್ಟಿತು. ಮೂರು ಕಣ್ಣೂ ಮುಚ್ಚಿದವು. ಅಷ್ಟು ದೂರದಲ್ಲಿ ತಿರುಗುತ್ತಿರುವ ಪೆಟ್ಟಿಗೆಗೆ ಯಾವ ಮೆಕ್ಯಾನಿಕ್ ಹೋಗಿ ತಂತಿ ಜೋಡಿಸಲು ಸಾಧ್ಯ? ಉಪಗ್ರಹ ತಿರುಗುತ್ತಲೇ ಇತ್ತು, ನಮ್ಮ ಎರಡು ರೂಪಾಯಿ ನೋಟಿನ ಮೇಲೂ ಏರಿತು. 1992ರಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಆದರೆ ಸಿಕ್ಕಿದ ಆ ಕೆಲವೇ ದಿನಗಳ ಮಾಹಿತಿಯಿಂದ ರಾವ್ ಮತ್ತು ಅವರ ಶಿಷ್ಯ ಕೆ. ಕಸ್ತೂರಿರಂಗನ್ ಸಿಗ್ನಸ್ ಎಕ್ಸ್-1ರ ಬಗ್ಗೆ ಪ್ರಬಂಧ ಬರೆದರು. ಬೇರೆ ಯಾರಾದರೂ ಅಲ್ಲಿಗೆ ಕೈಬಿಡುತ್ತಿದ್ದರು. ಇವರು ಬಿಡಲಿಲ್ಲ. ಕಸ್ತೂರಿರಂಗನ್ ಮುಂದೆ ಇಸ್ರೋ ಅಧ್ಯಕ್ಷರಾದರು. ಆರ್ಯಭಟದ ಕಣ್ಣು ಮುಚ್ಚಿದ ನಲವತ್ತು ವರ್ಷಕ್ಕೆ ದೇಶದ ಮೊದಲ ಪೂರ್ಣ ಪ್ರಮಾಣದ ಬಾಹ್ಯಾಕಾಶ ವೀಕ್ಷಣಾಲಯ ಹಾರಲು ಸಜ್ಜಾಯಿತು.

2015, ಸೆಪ್ಟೆಂಬರ್ 28, ಬೆಳಿಗ್ಗೆ ಹತ್ತು ಗಂಟೆ. ಶ್ರೀಹರಿಕೋಟದಲ್ಲಿ ಪಿಎಸ್‌ಎಲ್‌ವಿ ಸಿ-30 ಗುಡುಗಿತು. ತುದಿಯಲ್ಲಿ 1,515 ಕಿಲೋ ತೂಕದ ಆಸ್ಟ್ರೋಸ್ಯಾಟ್, ಜೊತೆಗೆ ಹೊರದೇಶಗಳ ಆರು ಪುಟ್ಟ ಉಪಗ್ರಹ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ, ಕ್ಸೆನಾನ್ ಅನಿಲ ತುಂಬಿದ ಮೂರು ದೊಡ್ಡ ಎಕ್ಸ್-ರೇ ಶೋಧಕ ಪೆಟ್ಟಿಗೆಗಳು ಅದರಲ್ಲಿದ್ದವು. ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ, ದೂಳಿನ ಕಣವೂ ಸುಳಿಯದ ಕೋಣೆಗಳಲ್ಲಿ ಜೋಡಿಸಿದ ನೇರಳಾತೀತ ಅವಳಿ ದೂರದರ್ಶಕವೂ ಇತ್ತು. ಸುಮಾರು 22 ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದರು. ಆಮೇಲೆ ಕಳಚಿಕೊಂಡಿತು, 650 ಕಿಲೋಮೀಟರ್ ಎತ್ತರದಲ್ಲಿ, ಲೆಕ್ಕ ಹಾಕಿದ ಜಾಗದಲ್ಲೇ. ಅಂದಿನಿಂದ ಇಂದಿನವರೆಗೆ ಅದಕ್ಕೆ ಆಜ್ಞೆ ಹೋಗುವುದು ಪೀಣ್ಯದಿಂದಲೇ, ಆರ್ಯಭಟ ಹುಟ್ಟಿದ ಅದೇ ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರದಿಂದ. ಅದು ಕಂಡದ್ದೆಲ್ಲ ಬಂದು ಸೇರುವುದು ರಾಮನಗರದ ಕಡೆಯ ಬ್ಯಾಲಾಳಿನ ದತ್ತಾಂಶ ಕೇಂದ್ರಕ್ಕೆ.

ಕಕ್ಷೆ ಸೇರಿದೊಡನೆ ಕಣ್ಣು ತೆರೆಯುವಂತಿರಲಿಲ್ಲ. ಹೊಸ ಉಪಗ್ರಹದ ಮೈಯಿಂದ ಅಂಟು, ಬಣ್ಣ, ಪ್ಲಾಸ್ಟಿಕ್ಕಿನ ಆವಿ ಹೊರಬೀಳುತ್ತಿರುತ್ತದೆ. ಅದು ಕನ್ನಡಿಗೆ ಹತ್ತಿತೋ, ಕೆಲಸ ಕೆಟ್ಟಿತು. ಆದ್ದರಿಂದ ಕಾದರು. ಎಲ್ಲಕ್ಕಿಂತ ಮೊದಲು ಎಚ್ಚರವಾದದ್ದು ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಹರಳಿನ ಗಡುಸು ಎಕ್ಸ್-ರೇ ಕ್ಯಾಮೆರಾ. ಅಕ್ಟೋಬರ್ 6. ಅದನ್ನು ವೃಷಭ ರಾಶಿಯ ಏಡಿ ನೀಹಾರಿಕೆಯತ್ತ ತಿರುಗಿಸಿದರು. ಅದೇ ದಿನ, ನೋಡುತ್ತಿದ್ದ ದಿಕ್ಕಿನಿಂದ ಬಹಳ ಬದಿಯಲ್ಲಿ ಎಲ್ಲೋ ದೂರದ ಒಂದು ಕಾಯ ಸಿಡಿಯಿತು! ಆ ಗಾಮಾ ಕಿರಣಗಳು ಉಪಕರಣದ ಪಕ್ಕದ ಗೋಡೆಗಳನ್ನೇ ತೂರಿಕೊಂಡು ಶೋಧಕಕ್ಕೆ ಅಪ್ಪಳಿಸಿದವು. ಕಣ್ಣು ಬಿಟ್ಟ ದಿನವೇ ಗಾಮಾ ಸ್ಫೋಟ ಸಿಕ್ಕಿತ್ತು. ಜಿಆರ್‌ಬಿ 151006ಎ ಎಂದು ಅದಕ್ಕೆ ಹೆಸರಾಯಿತು. ಅಂಥವುಗಳ ಎಣಿಕೆ 2023ರ ನವೆಂಬರಿನಲ್ಲಿ ಆರುನೂರು ಮುಟ್ಟಿತು. ಉಳಿದ ಕಣ್ಣುಗಳು ಒಂದೊಂದಾಗಿ ತೆರೆದವು. ಮೃದು ಎಕ್ಸ್-ರೇಯದು ಅಕ್ಟೋಬರ್ ಕೊನೆಗೆ, ನೇರಳಾತೀತ ದೂರದರ್ಶಕದ ಬಾಗಿಲು ನವೆಂಬರ್ 30ಕ್ಕೆ.

ಏಡಿ ನೀಹಾರಿಕೆಯ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. 1054ರ ಜುಲೈನಲ್ಲಿ ಆ ಜಾಗದಲ್ಲಿ ನಕ್ಷತ್ರವೊಂದು ಸಿಡಿದು ಹಗಲಿನಲ್ಲೂ ಕಾಣುವಷ್ಟು ಬೆಳಗಿದ್ದನ್ನು ಚೀನಾದ ಜ್ಯೋತಿಷಿಗಳು ಬರೆದಿಟ್ಟಿದ್ದಾರೆ. ಆಗ ಈ ಮಲಪ್ರಭೆಯ ನಾಡನ್ನು ಆಳುತ್ತಿದ್ದವನು ಕಲ್ಯಾಣ ಚಾಲುಕ್ಯರ ಮೊದಲನೆಯ ಸೋಮೇಶ್ವರ. ಆ ಸ್ಫೋಟದಲ್ಲಿ ಉಳಿದ ನ್ಯೂಟ್ರಾನ್ ನಕ್ಷತ್ರ ಇಂದಿಗೂ ಸೆಕೆಂಡಿಗೆ ಮೂವತ್ತು ಸಲ ತಿರುಗುತ್ತ ಎಕ್ಸ್-ರೇ ಮಿಡಿತ ಕಳಿಸುತ್ತಿದೆ. ಆಸ್ಟ್ರೋಸ್ಯಾಟ್ ಹದಿನೆಂಟು ತಿಂಗಳಲ್ಲಿ ಮತ್ತೆ ಮತ್ತೆ ಅದರತ್ತ ತಿರುಗಿ, ಆ ಕಿರಣಗಳ ಕಂಪನದ ದಿಕ್ಕನ್ನು, ಅಂದರೆ ಧ್ರುವೀಕರಣವನ್ನು ಅಳೆಯಿತು. ಮಿಡಿತ ಮಿಡಿತದ ನಡುವಿನ ಬಿಡುವಿನಲ್ಲಿ, ಏನೂ ನಡೆಯಬಾರದೆಂದು ಪಂಡಿತರು ಅಂದುಕೊಂಡಿದ್ದ ಹೊತ್ತಿನಲ್ಲಿ, ಧ್ರುವೀಕರಣ ಏರಿಳಿಯುತ್ತಿರುವುದು ಕಂಡಿತು. 2017ರ ನವೆಂಬರಿನಲ್ಲಿ ನೇಚರ್ ಆಸ್ಟ್ರಾನಮಿಯಲ್ಲಿ ಇದು ಪ್ರಕಟವಾಯಿತು. ಅಷ್ಟು ಶಕ್ತಿಯ ಎಕ್ಸ್-ರೇಯಲ್ಲಿ ಅಷ್ಟು ನಿಖರವಾದ ಅಳತೆಯನ್ನು ಯಾರೂ ಮಾಡಿರಲಿಲ್ಲ. ಈ ಕೆಲಸಕ್ಕೆಂದೇ ಕಟ್ಟಿದ ಉಪಕರಣವೂ ಅದಾಗಿರಲಿಲ್ಲ.

ಅದೇ 2017. ಆಗಸ್ಟ್ 17. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದ ಗುರುತ್ವ ಅಲೆ ಭೂಮಿಗೆ ತಲುಪಿತು. ಎರಡು ಸೆಕೆಂಡು ಬಿಟ್ಟು ಗಾಮಾ ಮಿಂಚು. ಶತಮಾನದ ಆ ಘಟನೆಗೆ ಜಗತ್ತಿನ ದೂರದರ್ಶಕಗಳೆಲ್ಲ ತಿರುಗಿ ನಿಂತವು. ಆಸ್ಟ್ರೋಸ್ಯಾಟ್? ಆ ಕ್ಷಣಕ್ಕೆ ಅದು ಭೂಮಿಯ ಮತ್ತೊಂದು ಬದಿಯಲ್ಲಿತ್ತು. ನಡುವೆ ಇಡೀ ಭೂಮಿ ಅಡ್ಡ! ಕಾಣಲಿಲ್ಲ ಎಂಬ ಆ ಸುದ್ದಿಯೂ ಡಿಕ್ಕಿ ಆಕಾಶದ ಯಾವ ಭಾಗದಲ್ಲಿ ನಡೆದಿರಬಹುದು ಎಂಬ ಲೆಕ್ಕಕ್ಕೆ ಬಂತು. ಆದರೂ ಹೊಟ್ಟೆ ಉರಿಯುತ್ತದೆ. ಈ ಘಟನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಯಗಳು ಶುರುವಾದವು. ಮೂರು ಕ್ಸೆನಾನ್ ಪೆಟ್ಟಿಗೆಗಳಲ್ಲಿ ಒಂದರಿಂದ ಅನಿಲ ಸೋರುತ್ತಿತ್ತು. ಅನಿಲ ಹೋದಂತೆ ಅಳತೆ ಹಳಿ ತಪ್ಪುತ್ತ ಹೋಯಿತು, 2018ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದೇ ವರ್ಷ ಇನ್ನೊಂದು ಪೆಟ್ಟಿಗೆ ಹುಚ್ಚುಹುಚ್ಚಾಗಿ ವರ್ತಿಸತೊಡಗಿತು. ಅದೇ ವರ್ಷ ನೇರಳಾತೀತ ದೂರದರ್ಶಕದ ಎರಡು ಕಣ್ಣುಗಳಲ್ಲಿ ಒಂದಕ್ಕೆ, ಸಮೀಪದ ನೇರಳಾತೀತವನ್ನು ನೋಡುವ ಕಣ್ಣಿಗೆ, ಕತ್ತಲು ಕವಿಯಿತು. ಮೂರು ವರ್ಷ ತುಂಬುವ ಮೊದಲೇ ಮೂರು ಪೆಟ್ಟು. ಉಳಿದದ್ದನ್ನು ಜೋಪಾನ ಮಾಡುವ ಜವಾಬ್ದಾರಿ ಪೀಣ್ಯದವರ ಮೇಲೆ ಬಿತ್ತು. ಸೂರ್ಯನತ್ತ ಕಣ್ಣು ಹೊರಳಬಾರದು. ಹೆಚ್ಚು ಹೊಳೆಯುವ ನಕ್ಷತ್ರ ನೇರಳಾತೀತ ಶೋಧಕದ ಎದುರಿಗೆ ಬರಬಾರದು. ಓಡುವ ದಿಕ್ಕಿಗೇ ಕನ್ನಡಿ ಮುಖ ಮಾಡಬಾರದು, ಏಕೆಂದರೆ ಆ ಎತ್ತರದಲ್ಲೂ ಒಂದಿಷ್ಟು ಆಮ್ಲಜನಕದ ಪರಮಾಣುಗಳಿವೆ. ಆ ವೇಗದಲ್ಲಿ ಅವು ಕನ್ನಡಿಯ ಮೈಯನ್ನು ಸವೆಸುತ್ತವೆ. ಪ್ರತಿ ಗುರಿಗೂ ಈ ಎಲ್ಲ ನಿಷೇಧಗಳ ಲೆಕ್ಕ ಹಾಕಿ ಆಮೇಲೆಯೇ ತಿರುಗಿಸಬೇಕು.

ಗಾಯಗಳ ಮಾತು ಸಾಕು, ಅದು ತಂದ ಬೇಟೆ ಎಂಥೆಂಥದ್ದು! ಪುಣೆಯ ಖಗೋಳ ಕೇಂದ್ರ ಅಯೂಕಾದ ಕನಕ್ ಸಾಹಾ ಮತ್ತು ಸಂಗಡಿಗರು ಅದರ ನೇರಳಾತೀತ ಕಣ್ಣಿನಿಂದ 2016ರ ಅಕ್ಟೋಬರಿನಲ್ಲಿ ಆಕಾಶದ ಒಂದು ಚೂರನ್ನು 28 ಗಂಟೆಗೂ ಹೆಚ್ಚು ಕಾಲ ದಿಟ್ಟಿಸಿದ್ದರು. ಆ ಮಾಹಿತಿಯನ್ನು ಜಾಲಾಡಿದಾಗ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ಅತಿ ಶಕ್ತಿಯ ನೇರಳಾತೀತ ಬೆಳಕು ಸಿಕ್ಕಿತು. 2020ರ ಆಗಸ್ಟಿನಲ್ಲಿ ಲೋಕಕ್ಕೆ ತಿಳಿಸಿದರು. ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್ ಅಗಲ, ನಮ್ಮದು 38 ಸೆಂಟಿಮೀಟರ್. ಆದರೂ ಹಬಲ್‌ಗೆ ಸಿಗದ ಬೆಳಕು ಹೊಸಕೋಟೆಯ ಕೂಸಿಗೆ ಸಿಕ್ಕಿತು. ಅದರ ಶೋಧಕದಲ್ಲಿ ಗದ್ದಲ ಅಷ್ಟು ಕಡಿಮೆ. 4ಯು 1630-47 ಎಂಬ ಕಪ್ಪುಕುಳಿ, ಕಪ್ಪುಕುಳಿಗಳಿಗೆ ಸಾಧ್ಯವಿರುವ ಗರಿಷ್ಠ ವೇಗಕ್ಕೆ ಹತ್ತಿರವೇ ಗಿರಗಿರನೆ ತಿರುಗುತ್ತಿದೆ ಎಂದು ಆಸ್ಟ್ರೋಸ್ಯಾಟ್ ಮತ್ತು ಅಮೆರಿಕದ ಚಂದ್ರ ದೂರದರ್ಶಕ ಎರಡೂ ಸೇರಿ ಹೇಳಿದವು. ಬೆಂಗಳೂರಿನ ಖಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಂ ಅವರ ತಂಡ ಎನ್‌ಜಿಸಿ 188 ಎಂಬ ಮುದಿ ನಕ್ಷತ್ರಗುಚ್ಛದಲ್ಲಿ, ಸಂಗಾತಿಯ ದ್ರವ್ಯ ಹೀರಿ ಯೌವನ ಪಡೆದ ತಾರೆಯನ್ನೂ, ಎಲ್ಲ ಕಳೆದುಕೊಂಡು ಸುಡುಸುಡು ತಿರುಳಷ್ಟೇ ಉಳಿದ ಅದರ ಜೊತೆಗಾರನನ್ನೂ ಹಿಡಿಯಿತು.

ಬಾಹ್ಯಾಕಾಶದಲ್ಲಿ ಎಕ್ಸ್-ರೇ ದೂರದರ್ಶಕಗಳ ಬದುಕು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂದು ತಿಳಿಯಲು ಜಪಾನಿನತ್ತ ನೋಡಬೇಕು. 2016ರ ಫೆಬ್ರುವರಿ 17ಕ್ಕೆ ಹಿಟೋಮಿ ಹಾರಿತು. ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾದ ಉಪಕರಣ. ಮಾರ್ಚ್ 26. ದಿಕ್ಕು ಹೇಳುವ ವ್ಯವಸ್ಥೆ ಗಲಿಬಿಲಿಗೊಂಡು, ಸುಮ್ಮನಿದ್ದ ಉಪಗ್ರಹವನ್ನು ತಿರುಗುತ್ತಿದೆ ಎಂದಿತು. ಗಣಕ ಅದನ್ನು ನಂಬಿತು, ನಿಲ್ಲಿಸಲು ಎದುರು ತಿರುವು ಕೊಟ್ಟಿತು. ಉಪಗ್ರಹ ನಿಜಕ್ಕೂ ತಿರುಗತೊಡಗಿತು. ಕೊನೆಯ ಉಪಾಯವೆಂದು ಪುಟ್ಟ ರಾಕೆಟ್‌ಗಳು ಉರಿದವು, ಆದರೆ ಅವುಗಳಿಗೆ ಕೊಟ್ಟಿದ್ದ ಲೆಕ್ಕವೇ ತಪ್ಪು! ತಿರುವು ಇನ್ನಷ್ಟು ಜೋರಾಯಿತು. ರೆಕ್ಕೆಗಳು ಮುರಿದು ಹಾರಿಹೋದವು. ಹಾರಿ ಆರು ವಾರವೂ ತುಂಬದೆ ಹಿಟೋಮಿ ಚೂರುಚೂರಾಯಿತು. ಸಾಯುವ ಮೊದಲು ಪರ್ಸಿಯಸ್ ಗೆಲಾಕ್ಸಿಗುಚ್ಛದ ಬಿಸಿ ಅನಿಲವನ್ನು ಅಳೆದು ಕಳಿಸಿತ್ತು. ಜಪಾನಿನವರು ಅಳುತ್ತ ಕೂರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದರ ಉತ್ತರಾಧಿಕಾರಿ ಎಕ್ಸ್‌ರಿಸಮ್ ಹಾರಿತು.

ಇನ್ನು ಚಂದ್ರ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಹೊತ್ತ ಆ ದೂರದರ್ಶಕ 1999ರ ಜುಲೈ 23ರಂದು ಕೊಲಂಬಿಯಾ ನೌಕೆಯಲ್ಲಿ ಏರಿದಾಗಲೇ ಸಾವಿನ ಬಾಯಿಗೆ ಹೋಗಿ ಬಂದಿತ್ತು. ನೆಲ ಬಿಟ್ಟು ಐದೇ ಸೆಕೆಂಡಿಗೆ ವಿದ್ಯುತ್ ಕಿಡಿ. ಎಂಜಿನ್‌ಗಳ ಎರಡು ನಿಯಂತ್ರಕಗಳು ಸತ್ತವು. ಉಳಿದ ನಿಯಂತ್ರಕಗಳು ಹೊಣೆ ಹೊತ್ತವು. ಸಾಲದೆಂಬಂತೆ ಒಂದು ಎಂಜಿನ್ನಿನಲ್ಲಿ ಸಡಿಲವಾದ ಚಿನ್ನದ ಲೇಪದ ಪಿನ್ ಒಂದು ಸಿಡಿದು ಕೊಳವೆಗಳನ್ನು ಸೀಳಿ ಹೈಡ್ರೋಜನ್ ಸೋರುತ್ತಿತ್ತು. ಕಮಾಂಡರ್ ಐಲೀನ್ ಕಾಲಿನ್ಸ್ ಅವರ ತಂಡ ಅದನ್ನು ಹಾಗೆಯೇ ಕಕ್ಷೆಗೆ ಮುಟ್ಟಿಸಿತು. ಅಂಥದ್ದನ್ನೂ ದಾಟಿ ಕಾಲು ಶತಮಾನ ಬಾಳಿದ ಚಂದ್ರಕ್ಕೆ ಕುತ್ತು ಬಂದದ್ದು ಕಾಗದದ ಮೇಲಿನ ಅಂಕಿಯಿಂದ. 2024ರ ಮಾರ್ಚಿನಲ್ಲಿ ಅದರ ವಾರ್ಷಿಕ ಖರ್ಚನ್ನು 6.83 ಕೋಟಿ ಡಾಲರಿನಿಂದ 4.11 ಕೋಟಿಗೆ ಇಳಿಸುವ ಪ್ರಸ್ತಾವ ಬಂತು, ಮುಂದಿನ ವರ್ಷಗಳಲ್ಲಿ ಇನ್ನೂ ಕಡಿತ. ವಿಜ್ಞಾನಿಗಳು ಬೀದಿಗಿಳಿದಂತೆ ಒಂದಾಗಿ ಕೂಗಿದರು, ಜನಪ್ರತಿನಿಧಿಗಳ ಬಾಗಿಲು ತಟ್ಟಿದರು, ದೂರದರ್ಶಕ ಉಳಿಯಿತು. ಉಳಿದದ್ದು ಕೂಗಿದ್ದರಿಂದ.

ನಮ್ಮಲ್ಲಿ ಆ ಕೂಗು ಇನ್ನೂ ಎದ್ದಿಲ್ಲ. ಹಾಗೆಂದು ಕೈಕಟ್ಟಿ ಕೂತಿದ್ದೇವೆ ಎನ್ನಲಾರೆ. 2024ರ ಮೊದಲ ದಿನವೇ ಎಕ್ಸ್‌ಪೋಸ್ಯಾಟ್ ಹಾರಿತು. ಅದರ ಮುಖ್ಯ ಉಪಕರಣ ಪೋಲಿಕ್ಸ್ ಅನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಆಸ್ಟ್ರೋಸ್ಯಾಟ್ ಏಡಿ ನೀಹಾರಿಕೆಯಲ್ಲಿ ಹಿಡಿದ ಆ ಧ್ರುವೀಕರಣವನ್ನೇ ಅಳೆಯಲೆಂದು ಹುಟ್ಟಿದ ಉಪಗ್ರಹ ಅದು. ಆದರೆ ಅದು ಒಂದು ಕೆಲಸಕ್ಕೆ ಮೀಸಲಾದದ್ದು. ನೇರಳಾತೀತದಿಂದ ಗಡುಸು ಎಕ್ಸ್-ರೇವರೆಗೆ ಒಂದೇ ಕಾಯವನ್ನು ಒಂದೇ ಹೊತ್ತಿಗೆ ನೋಡುವ ಆಸ್ಟ್ರೋಸ್ಯಾಟ್‌ನ ಜಾಗ ತುಂಬುವಂಥದ್ದು ಕಕ್ಷೆಯಲ್ಲಿ ನಮ್ಮದು ಮತ್ತೊಂದಿಲ್ಲ. ವಿಜ್ಞಾನಿಗಳು ಯೋಜನೆಗಳನ್ನು ಬರೆದಿಟ್ಟಿದ್ದಾರೆ. ಖಭೌತ ಸಂಸ್ಥೆಯವರು ಇನ್‌ಸಿಸ್ಟ್ ಎಂಬ ದೊಡ್ಡ ನೇರಳಾತೀತ ದೂರದರ್ಶಕ ಬೇಕೆಂದಿದ್ದಾರೆ. ಮುಂಬೈ ಐಐಟಿಯವರು ಮುಂದೆ ನಿಂತು ದಕ್ಷ ಎಂಬ ಪ್ರಸ್ತಾವ ಕೊಟ್ಟಿದ್ದಾರೆ. ಭೂಮಿಯ ಎರಡು ಬದಿಗೆ ಎರಡು ಉಪಗ್ರಹ, ಒಂದಕ್ಕೆ ಭೂಮಿ ಅಡ್ಡ ಬಂದರೆ ಇನ್ನೊಂದಕ್ಕೆ ಬರದು. 2017ರ ಆಗಸ್ಟ್ 17ರಂದು ದಕ್ಷ ಇದ್ದಿದ್ದರೆ ಆ ಡಿಕ್ಕಿ ನಮ್ಮ ಕೈತಪ್ಪುತ್ತಿರಲಿಲ್ಲ.

ಈಗ ಆ ನೆನಪಿಗೆ ಕೆಲಸವಿದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಲೈಗೋ-ಇಂಡಿಯಾ ಎದ್ದೇಳಲಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅದಕ್ಕೆ ಸುಮಾರು 2,600 ಕೋಟಿ ರೂಪಾಯಿ ಒಪ್ಪಿತು. ಅದು ಗುರುತ್ವ ಅಲೆಗಳನ್ನು ಕೇಳುವ ಕಿವಿ. ಕಿವಿಗೆ ಇಷ್ಟು ಖರ್ಚು ಮಾಡಿ, ಅದು ಕೇಳಿದ ದಿಕ್ಕಿಗೆ ತಿರುಗಿ ನೋಡಲು ನಮ್ಮದೇ ಕಣ್ಣಿಲ್ಲ ಎಂದಾಗಬಾರದು. ಉಪಗ್ರಹವೊಂದನ್ನು ಯೋಚಿಸಿ, ಕಟ್ಟಿ, ಪರೀಕ್ಷಿಸಿ ಹಾರಿಸಲು ಒಂದು ದಶಕ ಬೇಕು. ಆಸ್ಟ್ರೋಸ್ಯಾಟ್‌ಗೆ ಅದಕ್ಕಿಂತಲೂ ಹೆಚ್ಚು ಹಿಡಿದಿತ್ತು. ಅದು ಕಣ್ಣು ಮುಚ್ಚಿದ ಮೇಲೆ ಶುರು ಮಾಡಿದರೆ ಒಂದು ಇಡೀ ತಲೆಮಾರಿನ ಹುಡುಗರು ಬೇರೆ ದೇಶಗಳ ಮಾಹಿತಿಗೆ ಅರ್ಜಿ ಹಾಕುತ್ತ ಕೂರಬೇಕಾಗುತ್ತದೆ. ಯು. ಆರ್. ರಾವ್ 2017ರಲ್ಲಿ ಹೋದರು, ಕಸ್ತೂರಿರಂಗನ್ 2025ರ ಏಪ್ರಿಲ್‌ನಲ್ಲಿ ಹೋದರು. ಕೆಟ್ಟ ಉಪಗ್ರಹದಿಂದಲೂ ವಿಜ್ಞಾನ ತೆಗೆದ ಆ ತಲೆಮಾರಿನ ಹಟವನ್ನು ಈಗಿನವರು ಎತ್ತಿಕೊಳ್ಳಬೇಕು. ದಕ್ಷ ಮತ್ತು ಇನ್‌ಸಿಸ್ಟ್‌ಗೆ ಒಪ್ಪಿಗೆ ಆಸ್ಟ್ರೋಸ್ಯಾಟ್ ಬದುಕಿರುವಾಗಲೇ ಬರಬೇಕು.

ಬಾದಾಮಿ, ಹುನಗುಂದ, ಇಳಕಲ್ಲಿನ ಕಾಲೇಜುಗಳ ಹುಡುಗ ಹುಡುಗಿಯರಿಗೆ ಒಂದು ಮಾತು. ಆಸ್ಟ್ರೋಸ್ಯಾಟ್ ಕಂಡ ಮಾಹಿತಿ 2018ರಿಂದ ಎಲ್ಲರಿಗೂ ತೆರೆದಿದೆ. ಬ್ಯಾಲಾಳಿನ ಕೇಂದ್ರದಿಂದ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು, ಬೇಕಾದ ತಂತ್ರಾಂಶವೂ ಉಚಿತ. ಅದರಲ್ಲಿ ಇನ್ನೂ ಯಾರೂ ಜಾಲಾಡದ ರಾಶಿ ಬಿದ್ದಿದೆ. ನಿಮ್ಮ ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿ, ಒಂದು ಕಂಪ್ಯೂಟರ್ ಹಿಡಿದು ಕೂತುಕೊಳ್ಳಿ. ಏಡಿ ನೀಹಾರಿಕೆಯಿಂದಲೇ ಶುರು ಮಾಡಿ.